ದೊಡ್ಡಪ್ಪನ ವಾಲ್ವ್ ಟಿವಿಗೆ ಮತ್ತೆ ಜೀವ ಬಂತು: ಎಸ್.ಪಿ. ರಸ್ತೆ ಹಿಂದಿನ ಒಂದು ರಿಪೇರಿ ಅಂಗಡಿಯ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ವಾಲ್ವ್ ಟಿವಿ (ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ಟಿವಿ) ಇದ್ದರೆ ದಯವಿಟ್ಟು ಅದನ್ನು ಪ್ಲಗ್‌ಗೆ ಹಾಕಿ ನೋಡಬೇಡಿ. "ಸುಮ್ನೆ ಒಂದ್ಸಲ ಹಾಕಿ ನೋಡೋಣ, ಬಂದ್ರೆ ಬಂತು" ಅಂತ ಎಲ್ಲರಿಗೂ ಅನಿಸುತ್ತದೆ. ನಮಗೂ ಅನಿಸಿತ್ತು. ಆ ಒಂದು ಸಲ ಹಾಕಿದ್ದರಿಂದ ಆದ ನಷ್ಟ ಸರಿಪಡಿಸುವುದಕ್ಕೇ ಒಂದು ತಿಂಗಳು ಹೋಯಿತು.

ಇದು ಬೆಂಗಳೂರಿನ ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿರುವ ಸಣ್ಣ ಅಂಗಡಿಯ ಬಗ್ಗೆ ಬರೆಯುತ್ತಿರುವುದು. ಅಂಗಡಿಗೆ ಬೋರ್ಡ್ ಇಲ್ಲ. ಹೆಸರು, ನಂಬರ್ ಹಾಕಬೇಡಿ ಅಂತ ಯಜಮಾನರೇ ಕೇಳಿಕೊಂಡಿದ್ದಾರೆ, ಯಾಕೆಂದರೆ ವಯಸ್ಸು 70 ದಾಟಿದೆ, ಒಬ್ಬರೇ ಕೆಲಸ ಮಾಡುತ್ತಾರೆ, ಒಂದೇ ಸಲ ಹತ್ತು ಜನ ಸೆಟ್ ಹೊತ್ತುಕೊಂಡು ಬಂದರೆ ಅವರಿಗೆ ಕಷ್ಟ. ಆದರೂ ಬರೆಯಲೇಬೇಕು ಅನಿಸಿತು. ವಾಲ್ವ್ ರೇಡಿಯೋ ಸರಿಮಾಡುವವರು ಊರಲ್ಲಿ ಇನ್ನೂ ಸಿಗುತ್ತಾರೆ. ವಾಲ್ವ್ ಟಿವಿಗೆ ಕೈ ಹಾಕುವವರು ತೀರಾ ಕಡಿಮೆ, ಮತ್ತು ಆ ಕೆಲಸ ಹೇಗಿರುತ್ತದೆ ಅಂತ ಗೊತ್ತಿದ್ದರೆ ನಿಮ್ಮ ಸೆಟ್ಟನ್ನು ತಪ್ಪು ಕೈಗೆ ಕೊಡುವುದು ತಪ್ಪುತ್ತದೆ.

ನಮ್ಮ ಸೆಟ್ ದೊಡ್ಡಪ್ಪ ಬೊಂಬಾಯಿಯಲ್ಲಿ ರೈಲ್ವೆ ಕೆಲಸದಲ್ಲಿದ್ದಾಗ 1975ರಲ್ಲಿ ಕೊಂಡಿದ್ದು. ಬೊಂಬಾಯಿಯಲ್ಲಿ ದೂರದರ್ಶನ ಶುರುವಾಗಿದ್ದು 1972ರ ಅಕ್ಟೋಬರ್ 2ಕ್ಕೆ; ನಮ್ಮ ಬೆಂಗಳೂರಿಗೆ ಬಂದಿದ್ದು 1981ರ ನವೆಂಬರ್‌ನಲ್ಲಿ. ಹಾಗಾಗಿ ದೊಡ್ಡಪ್ಪ ರಿಟೈರ್ ಆಗಿ ಮಲ್ಲೇಶ್ವರಕ್ಕೆ ಬರುವಾಗ ಟಿವಿಯೂ ರೈಲಿನಲ್ಲಿ ಜೊತೆಗೇ ಬಂತು. 20 ಇಂಚಿನ ಕಪ್ಪು-ಬಿಳುಪು ಪರದೆ, ನಾಲ್ಕು ಕಾಲು, ಮರದ ಪೆಟ್ಟಿಗೆ, ಮುಂದೆ ಎರಡೂ ಕಡೆಯಿಂದ ಎಳೆದು ಮುಚ್ಚುವ ಶಟರ್, ಅದಕ್ಕೊಂದು ಬೀಗ. ಬೀಗದ ಕೈ ಯಾವಾಗಲೂ ದೊಡ್ಡಮ್ಮನ ಹತ್ತಿರ. 1984ರಲ್ಲಿ ಇಂದಿರಾ ಗಾಂಧಿಯವರ ಅಂತ್ಯಕ್ರಿಯೆಯ ದಿನ ಆ ಹಾಲ್‌ನಲ್ಲಿ ಕೂರಲು ಜಾಗವಿರಲಿಲ್ಲ, ಕಿಟಕಿ ಹೊರಗೂ ಜನ ನಿಂತಿದ್ದರು ಅಂತ ದೊಡ್ಡಮ್ಮ ಈಗಲೂ ಹೇಳುತ್ತಾರೆ. ಆಮೇಲೆ ಚಿತ್ರ ಮಸುಕಾಗುತ್ತಾ ಬಂತು, ಮನೆಗೆ ಕಲರ್ ಟಿವಿ ಬಂತು, ಇದು ಮೂಲೆಗೆ ಹೋಯಿತು. ಮೇಲೊಂದು ಕ್ರೋಶಾ ಬಟ್ಟೆ, ಅದರ ಮೇಲೆ ಹೂದಾನಿ. ಮೂವತ್ತು ವರ್ಷಕ್ಕೂ ಜಾಸ್ತಿ ಹಾಗೇ ಇತ್ತು.

ದೊಡ್ಡಮ್ಮನಿಗೆ ಈಗ 84. ಅವರೇ ಒಂದು ದಿನ ಕೇಳಿದರು, "ಅದನ್ನ ಯಾರಾದ್ರೂ ಸರಿಮಾಡ್ತಾರೇನೇ?" ಅಂತ.

ಮೊದಲು ಮನೆಗೇ ಬಂದು ನೋಡುವ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆವು. ಆತ ಹಿಂದಿನ ಮುಚ್ಚಳ ಬಿಚ್ಚಿ, ಬ್ರಷ್‌ನಿಂದ ಧೂಳು ಒರೆಸಿ, ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ ಸ್ವಿಚ್ ಒತ್ತಿದ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ 'ಟಪ್' ಅಂತ ಸದ್ದು, ಬಿಳಿ ಹೊಗೆ, ಮೀನು ಕೊಳೆತಂತಹ ವಾಸನೆ. ಪವರ್ ಸಪ್ಲೈನ ದೊಡ್ಡ ಕಂಡೆನ್ಸರ್, ಅಂದರೆ ವಿದ್ಯುತ್ ಕೂಡಿಟ್ಟುಕೊಳ್ಳುವ ಡಬ್ಬಿ, ಒಡೆದಿತ್ತು. "ಇದ್ರಲ್ಲಿ ಏನೂ ಉಳಿದಿಲ್ಲ ಮೇಡಂ, ಒಳಗಿನದೆಲ್ಲ ತೆಗೆದು ಎಲ್‌ಇಡಿ ಪ್ಯಾನೆಲ್ ಕೂರಿಸಿಕೊಡ್ತೀನಿ, ಶೋಗೆ ಚೆನ್ನಾಗಿರುತ್ತೆ" ಅಂದ. ದೊಡ್ಡಮ್ಮ ಬೇಡ ಅಂದರು. ನನಗೆ ಆ ವಾಸನೆ ಎರಡು ದಿನ ಮೂಗಿನಿಂದ ಹೋಗಲಿಲ್ಲ.

ಭಾನುವಾರ ಸಂತೆಯಲ್ಲಿ ವಾಲ್ವ್ ಮಾರುವವರೊಬ್ಬರು ಈ ಅಂಗಡಿಯ ದಾರಿ ತೋರಿಸಿದರು. ಮೊದಲ ದಿನ ಸೆಟ್ ಇಲ್ಲದೆ, ಬರೀ ಫೋಟೋ ಹಿಡಿದುಕೊಂಡು ಹೋದೆ. ಅವರು ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಕರೆಂಟ್‌ಗೆ ಹಾಕಿದ್ರಾ?"

ಹೌದು ಸರ್ ಅಂದೆ.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡಮ್ಮ, ಮೂವತ್ತು ವರ್ಷ ಹಾಸಿಗೆ ಹಿಡಿದವರನ್ನ ಎಬ್ಬಿಸಿ ಓಡು ಅಂದ್ರೆ ಓಡ್ತಾರಾ?" ಅಂದರು, ಅಷ್ಟೇ. ಆಮೇಲೆ ಹೇಳಿದ್ದು ನನಗೆ ತುಂಬಾ ಹಿಡಿಸಿತು. "ಮೊದಲು ಪಿಕ್ಚರ್ ಟ್ಯೂಬ್ ಒಂದೇ ನೋಡ್ತೀನಿ. ಅದು ಹೋಗಿದ್ರೆ ಬೇರೆ ಏನು ಮಾಡಿದ್ರೂ ದಂಡ. ನಿಮ್ಮ ದುಡ್ಡು ನಿಮ್ಮ ಹತ್ರಾನೇ ಇರಲಿ."

ಇದು ಮುಖ್ಯವಾದ ಮಾತು. ವಾಲ್ವ್, ಕಂಡೆನ್ಸರ್, ಕಾಯಿಲ್ ಎಲ್ಲದಕ್ಕೂ ಹೇಗೋ ಒಂದು ದಾರಿ ಇದೆ. ಹಳೇ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ಮಾತ್ರ ಹೊಸದು ಸಿಗುವುದಿಲ್ಲ. ಇನ್ನೊಂದು ಸತ್ತ ಸೆಟ್‌ನಿಂದ ತೆಗೆಯಬೇಕು, ಅದೂ ಅಳತೆ ಹೊಂದಬೇಕು. ಅವರ ಹತ್ತಿರ ತಾವೇ ಕಟ್ಟಿಕೊಂಡ ಒಂದು ಟೆಸ್ಟರ್ ಇದೆ. ಟ್ಯೂಬ್‌ನ ಹೀಟರ್‌ಗೆ (ಒಳಗೆ ಕಾಯುವ ತಂತಿ) 6.3 ವೋಲ್ಟ್ ಕೊಟ್ಟು ಹದಿನೈದು ನಿಮಿಷ ಬಿಟ್ಟು, ಅದು ಕಾಯಿಸುವ ಕ್ಯಾಥೋಡ್‌ನಿಂದ ಎಷ್ಟು ಎಲೆಕ್ಟ್ರಾನ್ ಹೊರಡುತ್ತಿದೆ ಅಂತ ಮುಳ್ಳಿನ ಮೀಟರ್‌ನಲ್ಲಿ ನೋಡುತ್ತಾರೆ. ಮುಳ್ಳು ಮೊದಲು ಅಲುಗಾಡಲೇ ಇಲ್ಲ. ಐದಾರು ನಿಮಿಷ ಆದ ಮೇಲೆ ನಿಧಾನವಾಗಿ ಏರಿತು, ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. "ಮುದುಕ, ಆದ್ರೆ ಉಸಿರಿದೆ" ಅಂದರು. ಕೆಲಸ ಒಪ್ಪಿಕೊಂಡರು.

ಇಲ್ಲಿಂದ ಮುಂದೆ ಎರಡು ವಾರಕ್ಕೊಮ್ಮೆ ಹೋಗಿ ಕೂತು ನೋಡಿದ್ದೇನೆ. ನೋಡಲು ಬಿಡುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ; ನನ್ನ ಲೆಕ್ಕದಲ್ಲಿ ಇದೇ ಈ ಅಂಗಡಿಯ ದೊಡ್ಡ ಗುಣ.

ನಮ್ಮದು ಪೂರ್ತಿ ವಾಲ್ವ್ ಸೆಟ್ ಅಲ್ಲ, ಆ ಕಾಲದ ಅನೇಕ ಸೆಟ್‌ಗಳ ಹಾಗೆ ಹೈಬ್ರಿಡ್. ಸಿಗ್ನಲ್ ಹಿಡಿಯುವ ಕಡೆ ಟ್ರಾನ್ಸಿಸ್ಟರ್, ಜೋರು ಕೆಲಸ ಮಾಡುವ ಕಡೆ ಆರು ವಾಲ್ವ್. ಅದರಲ್ಲಿ ಐದು ವಾಲ್ವ್‌ಗಳ ಹೀಟರ್ ಮತ್ತು ಪಿಕ್ಚರ್ ಟ್ಯೂಬ್‌ನ ಹೀಟರ್ ಒಂದರ ಹಿಂದೆ ಒಂದು ಸರಪಳಿ ಹಾಗೆ ಜೋಡಿಸಿರುತ್ತಾರೆ, ಗಣೇಶನ ಹಬ್ಬದ ಸೀರಿಯಲ್ ಸೆಟ್ ಇದ್ದ ಹಾಗೆ. ಒಂದು ಬಲ್ಬ್ ಹೋದರೆ ಇಡೀ ಸರ ಕತ್ತಲು ಅಲ್ವಾ, ಇಲ್ಲೂ ಅದೇ. ಎಲ್ಲದರಲ್ಲೂ ಹರಿಯುವುದು 300 ಮಿಲಿಆಂಪ್. ವಾಲ್ವ್‌ಗಳ ಮಾಡೆಲ್ ನಂಬರ್ ಹಿಡಿದು ಹೇಳುವುದಾದರೆ ಪಿಎಲ್ 504ಕ್ಕೆ 27 ವೋಲ್ಟ್, ಪಿವೈ 88ಕ್ಕೆ 30, ಪಿಸಿಎಲ್ 805ಕ್ಕೆ 18, ಹೀಗೆ ಹಂಚಿಕೆ. ಉಳಿದ ವೋಲ್ಟೇಜನ್ನು ಪಿಂಗಾಣಿಯ ಒಂದು ಉದ್ದ ರೆಸಿಸ್ಟರ್ ತಿಂದು ಕಾಯುತ್ತಾ ಕೂರುತ್ತದೆ. ನಮ್ಮದರಲ್ಲಿ ಪಿವೈ 88ರ ಹೀಟರ್ ಕಟ್ ಆಗಿತ್ತು. ಅಂದರೆ ಆ ಮೆಕ್ಯಾನಿಕ್ "ಏನೂ ಉಳಿದಿಲ್ಲ" ಅಂದ ದಿನ ಹೀಟರ್ ಸತ್ತಿದ್ದು ಒಂದೇ ವಾಲ್ವ್‌ನದು, ಸರ ಕಡಿದಿದ್ದರಿಂದ ಉಳಿದವೂ ಹೊತ್ತಿರಲಿಲ್ಲ.

ವಾಲ್ವ್ ತೆಗೆದು ಒರೆಸುವಾಗ ಒಂದು ವಿಷಯ ಹೇಳಿಕೊಟ್ಟರು. ಗಾಜಿನ ಮೇಲೆ ನಂಬರ್ ಅಚ್ಚಾಗಿರುತ್ತದಲ್ಲ, ಅದನ್ನು ಬೆರಳಿನಿಂದ ಒರೆಸಬಾರದು. ಸುಮ್ಮನೆ ಒಂದು ಸಲ ಉಜ್ಜಿದರೆ ಸಾಕು, ಅಕ್ಷರ ಪುಡಿಯಾಗಿ ಬಂದುಬಿಡುತ್ತದೆ, ಆಮೇಲೆ ಅದು ಯಾವ ವಾಲ್ವ್ ಅಂತ ಹೇಳುವುದೇ ಕಷ್ಟ. ಅವರು ಅಕ್ಷರ ಇರುವ ಜಾಗ ಬಿಟ್ಟು, ಹತ್ತಿಯ ಕಡ್ಡಿಯಲ್ಲಿ ಸುತ್ತಲೂ ಮಾತ್ರ ಒರೆಸಿದರು. ಒಂದರ ಮೇಲೆ ಬಿಇಎಲ್ ಅಂತ ಇತ್ತು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್! ಬೆಂಗಳೂರಲ್ಲಿ ಹುಟ್ಟಿ, ಬೊಂಬಾಯಿಗೆ ಹೋಗಿ ಟಿವಿ ಸೇರಿ, ಮತ್ತೆ ಬೆಂಗಳೂರಿಗೆ ಬಂದ ವಾಲ್ವ್. ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ತಲೆಯ ಒಳಭಾಗದಲ್ಲಿ ಕನ್ನಡಿಯಂಥ ಬೆಳ್ಳಿ ಕಲೆ. ಒಳಗೆ ಗಾಳಿ ಸೇರಿದ್ದರೆ ಅದು ಹಾಲಿನ ಹಾಗೆ ಬೆಳ್ಳಗಾಗಿರುತ್ತದಂತೆ, ಅಂಥದ್ದನ್ನು ಟೆಸ್ಟ್ ಮಾಡುವುದೂ ಬೇಡ, ಎಸೆಯಬೇಕು. ನಮ್ಮದು ಬೆಳ್ಳಿಯಾಗಿಯೇ ಇತ್ತು. ಸಂತೆಯಲ್ಲಿ ಹಳೇ ವಾಲ್ವ್ ಕೊಳ್ಳುವವರು ಇದೊಂದನ್ನು ನೆನಪಿಟ್ಟುಕೊಂಡರೆ ದುಡ್ಡು ಉಳಿಯುತ್ತದೆ.

ಆಮೇಲೆ ಕಂಡೆನ್ಸರ್ ಕೆಲಸ. ಬಹಳ ವರ್ಷ ಕರೆಂಟ್ ಕಾಣದ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಳಗಿನ ಪದರ ಕರಗಿಹೋಗಿರುತ್ತದೆ. ಒಮ್ಮೆಗೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಶಾರ್ಟ್ ಆಗಿ, ಕಾದು, ಒಡೆಯುತ್ತದೆ. ನಮ್ಮ ಮನೆಯಲ್ಲಿ ಆಗಿದ್ದು ಅದೇ. ಒಡೆದದ್ದರ ಅಲ್ಯೂಮಿನಿಯಂ ಡಬ್ಬಿಯನ್ನು ಅವರು ಎಸೆಯಲಿಲ್ಲ. ಒಳಗಿನದು ತೆಗೆದು, ತೊಳೆದು, ಹೊಸ ಸಣ್ಣ ಕಂಡೆನ್ಸರ್‌ಗಳನ್ನು ಅದರೊಳಗೇ ಕೂರಿಸಿದರು. ಹೊರಗಿನಿಂದ ನೋಡಿದರೆ ಹಳೆಯದೇ. ಪೇಪರ್ ಕಂಡೆನ್ಸರ್‌ಗಳನ್ನು ಮಾತ್ರ ಒಂದನ್ನೂ ಬಿಡದೆ ಬದಲಿಸಿದರು. ಅವು ತೇವ ಹೀರಿ ಲೀಕ್ ಆಗುತ್ತವೆ, ಮೀಟರ್‌ನಲ್ಲಿ ಚೆನ್ನಾಗಿದೆ ಅನ್ನಿಸಿದರೂ 200 ವೋಲ್ಟ್ ಬಿದ್ದಾಗ ಬಣ್ಣ ಬಯಲಾಗುತ್ತದೆ.

ಸೆಟ್ಟನ್ನು ಮೊದಲ ಸಲ ಆನ್ ಮಾಡಿದ್ದು ಏಳನೇ ವಾರದಲ್ಲಿ. ಅದೂ ನೇರವಾಗಿ ಅಲ್ಲ, ಸೀರೀಸ್ ಬಲ್ಬ್ ಬೋರ್ಡ್ ಮೂಲಕ. 100 ವ್ಯಾಟ್‌ನ ಹಳೇ ಬಲ್ಬ್ ಒಂದನ್ನು ಮಧ್ಯೆ ಹಾಕಿದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬ್ ಜೋರಾಗಿ ಉರಿಯುತ್ತದೆ, ಸೆಟ್ ಬದುಕುತ್ತದೆ. ಬಲ್ಬ್ ಒಮ್ಮೆ ಮಿನುಗಿ ಮಂದವಾಯಿತು. ಒಂದೊಂದೇ ವಾಲ್ವ್ ಒಳಗೆ ಸಣ್ಣ ಕೆಂಡದ ಹಾಗೆ ಬೆಳಕು. ನಾನು ಖುಷಿಯಿಂದ ಏನೋ ಹೇಳಲು ಹೊರಟೆ, ಅವರು ಕೈ ಎತ್ತಿ ಸುಮ್ಮನಿರಿಸಿದರು.

ಆ ಖುಷಿ ಅವತ್ತೇ ಮುಗಿಯಿತು. ಬಲ್ಬ್ ತೆಗೆದು ಪೂರ್ತಿ ವೋಲ್ಟೇಜ್ ಕೊಟ್ಟ ಸ್ವಲ್ಪ ಹೊತ್ತಿಗೆ ಪಿಎಲ್ 504ರ ಒಳಗಿನ ಬೂದು ತಗಡು ಮಧ್ಯದಲ್ಲಿ ಮಂಕು ಕೆಂಪಾಯಿತು, ನೋಡನೋಡುತ್ತಿದ್ದಂತೆ ಆ ಕೆಂಪು ಅಂಚಿನವರೆಗೂ ಹರಡಿತು, ಕುಲುಮೆಯಲ್ಲಿಟ್ಟ ಕಬ್ಬಿಣದ ಹಾಗೆ. ತಕ್ಷಣ ಆಫ್ ಮಾಡಿದರು. ಆ ವಾಲ್ವ್‌ಗೆ ಹಿಂದಿನ ಹಂತದಿಂದ, ಅಂದರೆ ಪರದೆಯ ಅಡ್ಡ ಗೆರೆಗಳಿಗೆ ತಾಳ ಹಾಕುವ ಲೈನ್ ಆಸಿಲೇಟರ್‌ನಿಂದ, ತಾಳ ಬರುತ್ತಿರಬೇಕು. ತಾಳ ನಿಂತರೆ ಅದಕ್ಕೆ ಲಗಾಮು ಇರುವುದಿಲ್ಲ, ಕರೆಂಟ್ ಎಳೆದು ಎಳೆದು ತನ್ನನ್ನೇ ಸುಟ್ಟುಕೊಳ್ಳುತ್ತದೆ, ಕೆಲವೊಮ್ಮೆ ಜೊತೆಗೆ ಇಎಚ್‌ಟಿ (ಅತಿ ಹೆಚ್ಚು ವೋಲ್ಟೇಜ್) ಟ್ರಾನ್ಸ್‌ಫಾರ್ಮರ್ ಅನ್ನೂ ಸುಡುತ್ತದೆ. ಅದಕ್ಕೇ ಅವರು ಮೊದಲ ಒಂದೆರಡು ನಿಮಿಷ ಪರದೆಯ ಕಡೆ ನೋಡುವುದೇ ಇಲ್ಲ, ಆ ವಾಲ್ವ್ ಮೇಲೆಯೇ ಕಣ್ಣು. ಹುಡುಕಿದಾಗ ಸಿಕ್ಕಿದ್ದು ಆಸಿಲೇಟರ್ ಭಾಗದಲ್ಲಿ ಹಳತಾಗಿ ಓಮ್ ಅಳತೆ ದುಪ್ಪಟ್ಟಾಗಿದ್ದ ಒಂದು ಕಾರ್ಬನ್ ರೆಸಿಸ್ಟರ್. ಎರಡು ರೂಪಾಯಿಯ ಸಾಮಾನು, ಹುಡುಕಲು ನಾಲ್ಕು ದಿನ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇಎಚ್‌ಟಿ. ಪಿಕ್ಚರ್ ಟ್ಯೂಬ್‌ಗೆ ಬೇಕಾದ ಸುಮಾರು 16,000 ವೋಲ್ಟ್ ಹುಟ್ಟುವುದು ಈ ಟ್ರಾನ್ಸ್‌ಫಾರ್ಮರ್‌ನಲ್ಲಿ. ಕೂದಲಿಗಿಂತ ಸಣ್ಣ ತಂತಿಯ ಸಾವಿರಾರು ಸುತ್ತು, ಮೇಲೆ ಮೇಣ. ಬೊಂಬಾಯಿಯ ಮಳೆಗಾಲ, ಆಮೇಲೆ ಮೂಲೆಯ ಗೋಡೆಯ ಥಂಡಿ, ಎಲ್ಲ ಸೇರಿ ಅದು ತೇವ ಕುಡಿದಿತ್ತು. ಪೆಟ್ಟಿಗೆಯೊಳಗೆ 60 ವ್ಯಾಟ್ ಬಲ್ಬ್ ಹಚ್ಚಿಟ್ಟು ಮೂರು ದಿನ ಒಣಗಿಸಿದರು. ಆದರೂ ಕತ್ತಲೆಯಲ್ಲಿ ನೋಡಿದರೆ ಸುತ್ತಲೂ ನೀಲಿ ಮಿಣುಕು, ಸಣ್ಣಗೆ ಹಾವು ಬುಸುಗುಟ್ಟಿದ ಹಾಗೆ ಸದ್ದು. ಕೊನೆಗೆ ಹೊರಗಿನ ಕಾಯಿಲ್ ಬಿಚ್ಚಿ ಹೊಸದಾಗಿ ಸುತ್ತಿಸಬೇಕಾಯಿತು. ಅದನ್ನು ಅವರೇ ಮಾಡುವುದಿಲ್ಲ, ಪರಿಚಯದ ಕಾಯಿಲ್ ಸುತ್ತುವವರಿಗೆ ಕೊಡುತ್ತಾರೆ. ಮೊದಲ ಸಲ ಸುತ್ತಿದ್ದು ಇಪ್ಪತ್ತು ನಿಮಿಷಕ್ಕೆ ಹೋಯಿತು. ಎರಡನೇದು ನಿಂತಿತು. ಮೊದಲನೇದಕ್ಕೆ ನನ್ನಿಂದ ದುಡ್ಡು ತಗೊಳ್ಳಲಿಲ್ಲ, ನಾನು ಕೊಡಲು ಹೋದರೂ ಬೇಡ ಅಂದರು.

ಚಿತ್ರವನ್ನು ಮೇಲೆ ಕೆಳಗೆ ಹರಡುವ ಫ್ರೇಮ್ ಭಾಗದ ತೊಂದರೆ ಬೇಗ ಮುಗಿಯಿತು. ಪರದೆ ಮಧ್ಯೆ ಬರೀ ಒಂದು ಅಡ್ಡ ಬಿಳಿ ಗೆರೆ ಬರುತ್ತಿತ್ತು, ಪಿಸಿಎಲ್ 805 ಬದಲಿಸಿದ ಮೇಲೆ ಚಿತ್ರ ಮೇಲೆ ಕೆಳಗೆ ಬಿಚ್ಚಿಕೊಂಡಿತು. ಟ್ಯೂನರ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಕಪ್ಪಾಗಿದ್ದ ಬೆಳ್ಳಿ ಲೇಪದ ಪಾಯಿಂಟ್‌ಗಳನ್ನು ಉಪ್ಪುಕಾಗದ ಹಾಕದೆ ಬರೀ ಬಟ್ಟೆ, ಸ್ಪಿರಿಟ್‌ನಲ್ಲಿ ಒರೆಸಿದರು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಹಿಂದೆ ಒಂದು ಎವಿ ಸಾಕೆಟ್ ಹಾಕಿ ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಆಗಲ್ವಾ? ಆಗಲ್ಲ, ಮತ್ತು ಯಾರಾದರೂ ಹಾಗೆ ಮಾಡಿಕೊಡುತ್ತೇನೆ ಅಂದರೆ ಆ ಅಂಗಡಿಯಿಂದ ಸೆಟ್ ವಾಪಸ್ ತನ್ನಿ. ಈ ಸೆಟ್‌ಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕರೆಂಟ್‌ನ ಒಂದು ತಂತಿ ನೇರವಾಗಿ ಒಳಗಿನ ಚಾಸಿಗೆ, ಅಂದರೆ ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟಿಗೆ, ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುವುಮುರುವು ಹಾಕಿದರೆ ಇಡೀ ಚಾಸಿಯಲ್ಲಿ 230 ವೋಲ್ಟ್. ಅದಕ್ಕೆ ಎವಿ ಸಾಕೆಟ್ ಕೂರಿಸಿದರೆ ಆ ವೋಲ್ಟೇಜ್ ನಿಮ್ಮ ಕೈಗೇ ಬಂದ ಹಾಗೆ. ಅಂಗಡಿಯಲ್ಲಿ ಅವರು ಮೇಜಿನ ಕೆಳಗೆ ಸೆಟ್ಟನ್ನು ಮೇನ್ಸ್ ಲೈನಿನಿಂದ ಬೇರ್ಪಡಿಸುವ ದೊಡ್ಡ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿದ್ದಾರೆ, ಅದಿಲ್ಲದೆ ಒಂದು ಸೆಟ್ಟನ್ನೂ ಮುಟ್ಟುವುದಿಲ್ಲ. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬ್ ಚಾರ್ಜ್ ಹಿಡಿದಿರುತ್ತದೆ ಅಂತ ಪ್ರತಿ ಸಲ ಅದನ್ನು ಇಳಿಸಿದ ನಂತರವೇ ಒಳಗೆ ಕೈ. ನಮ್ಮ ಸೆಟ್‌ಗೆ ಮೂರು ಪಿನ್ನಿನ ಪ್ಲಗ್ ಹಾಕಿ, ನ್ಯೂಟ್ರಲ್ ಯಾವಾಗಲೂ ಚಾಸಿ ಕಡೆಗೇ ಬರುವ ಹಾಗೆ ಮಾಡಿದರು. ಚಾಸಿಯ ಕರೆಂಟ್ ಆಂಟೆನಾ ವೈರಿಗೆ ಬಾರದಂತೆ ತಡೆಯುವ ಕಂಡೆನ್ಸರ್‌ಗಳನ್ನೂ ಹೊಸದು ಹಾಕಿದರು. ನಾಬ್‌ಗಳ ಬದಿಯಲ್ಲಿ ಸಣ್ಣ ತಿರುಪು ಇರುತ್ತದಲ್ಲ, ಅದೂ ಚಾಸಿಗೆ ಸೇರಿದ್ದೇ. ಆ ತೂತುಗಳನ್ನು ಮೇಣದಿಂದ ಮುಚ್ಚಿ, "ಮನೇಲಿ ಮಕ್ಕಳಿದ್ದಾರಲ್ಲ" ಅಂದರು. ನಾನು ಮಕ್ಕಳಿದ್ದಾರೆ ಅಂತ ಹೇಳಿದ್ದು ಮೊದಲ ದಿನ, ಅದೂ ಮಾತಿನ ಮಧ್ಯೆ.

ಹಾಗಾದರೆ ಚಿತ್ರ ಎಲ್ಲಿಂದ? ದೂರದರ್ಶನದ ಹಳೇ ಅನಲಾಗ್ ಪ್ರಸಾರ 2022ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕಡೆ ನಿಂತಿತು. ಮಹಡಿ ಮೇಲೆ ಆಂಟೆನಾ ಕಟ್ಟಿದರೂ ಹಿಡಿಯಲು ಏನಿಲ್ಲ. ಅವರು ಕಂಡುಕೊಂಡ ದಾರಿ ಚೆನ್ನಾಗಿದೆ. ಕೇಬಲ್ ಡಿಜಿಟಲ್ ಆದಾಗ ಕೇಬಲ್ ಆಪರೇಟರ್‌ಗಳು ಗುಜರಿಗೆ ಹಾಕಿದ ಮಾಡ್ಯುಲೇಟರ್‌ಗಳಿವೆ, ಚಿತ್ರ, ಧ್ವನಿಯನ್ನು ಹಳೇ ಆಂಟೆನಾ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆಗಳು. ಸೆಟ್‌ಟಾಪ್ ಬಾಕ್ಸ್‌ನಿಂದ ಅದಕ್ಕೆ, ಅದರಿಂದ ಬಾಲನ್ (ದುಂಡು ಕೇಬಲ್ಲನ್ನು ಚಪ್ಪಟೆ ವೈರಿಗೆ ಹೊಂದಿಸುವ ಸಣ್ಣ ಸಾಮಾನು) ಮೂಲಕ ಹಳೇ ಚಪ್ಪಟೆ ವೈರಿಗೆ, ಅಲ್ಲಿಂದ ಟಿವಿಯ ಆಂಟೆನಾ ಪಾಯಿಂಟ್‌ಗೆ. ನಮ್ಮ ಟಿವಿ ಮಟ್ಟಿಗೆ ಅದು ಈಗಲೂ ವಿಎಚ್‌ಎಫ್ 4ನೇ ಚಾನೆಲ್‌ನಲ್ಲಿ ಬರುವ ದೂರದರ್ಶನವೇ. ಬಾಕ್ಸ್‌ನಲ್ಲಿ ಚಿತ್ರದ ಅಳತೆಯನ್ನು 4:3 ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಖಗಳು ಉದ್ದುದ್ದ.

ಮನೆಗೆ ತಂದ ದಿನ ದೊಡ್ಡಮ್ಮ ಬೀಗದ ಕೈ ತಂದು ತಾವೇ ಶಟರ್ ತೆಗೆದರು. ಮುಕ್ಕಾಲು ನಿಮಿಷ ಕತ್ತಲೆ, ಮೊದಲು ಧ್ವನಿ, ಆಮೇಲೆ ಮಂಜಿನೊಳಗಿಂದ ಬಂದ ಹಾಗೆ ಚಿತ್ರ. ಚಂದನದಲ್ಲಿ ವಾರ್ತೆ ಬರುತ್ತಿತ್ತು. ಅವರು ವಾರ್ತೆ ಕೇಳಲಿಲ್ಲ, ಹತ್ತಿರ ಹೋಗಿ ಪರದೆಯ ಗಾಜಿಗೆ ಕೈ ಇಟ್ಟು, "ಕೂದಲು ನಿಲ್ಲುತ್ತೆ ನೋಡು, ಹಾಗೇ ಇದೆ" ಅಂದರು. ಮುಂಗೈಯ ಬಿಳಿ ರೋಮ ನಿಜಕ್ಕೂ ನಿಂತಿತ್ತು.

ಈಗ ಕೊರತೆಗಳು, ಅದನ್ನೂ ಹೇಳಬೇಕು. ಎರಡು ತಿಂಗಳು ಅಂದಿದ್ದು ಐದು ತಿಂಗಳಾಯಿತು. ಫೋನ್ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ಬರೆದುಕೊಡುವ ರಸೀದಿಯಲ್ಲಿ ವಿವರ ಇರುವುದಿಲ್ಲ. ನಾನು ಕೂತು ಬರೆಸಿಕೊಂಡೆ. ಮರದ ಕೆಲಸ, ಪಾಲಿಶ್ ಅವರು ಮಾಡುವುದಿಲ್ಲ, ಒಂದು ಕಾಲು ಇನ್ನೂ ಅಲುಗಾಡುತ್ತದೆ. ಟ್ಯೂಬ್ ಹಳೆಯದಾದ್ದರಿಂದ ಹಗಲು ಬೆಳಕಿನಲ್ಲಿ ಚಿತ್ರ ಮಂಕು, ಬ್ರೈಟ್ನೆಸ್ ಏರಿಸಿದರೆ ಬಿಳಿ ಭಾಗ ಬೆಳ್ಳಿ ಬಳಿದ ಹಾಗಾಗುತ್ತದೆ. ಹೀಟರ್ ವೋಲ್ಟೇಜ್ ಸ್ವಲ್ಪ ಏರಿಸಿ ಟ್ಯೂಬನ್ನು ಬೂಸ್ಟ್ ಮಾಡಬಹುದು, ಆದರೆ ಹಾಗೆ ಮಾಡಿದರೆ ಉಳಿದ ಆಯಸ್ಸು ಬೇಗ ಮುಗಿಯುತ್ತದೆ ಅಂತ ಮಾಡಲಿಲ್ಲ. ಅದು ಸರಿಯಾದ ತೀರ್ಮಾನ ಅಂತಲೇ ನನಗೆ ಅನಿಸುತ್ತದೆ. ಧ್ವನಿಯಲ್ಲಿ ಸಣ್ಣ ಗುಂಯ್‌ಗುಡುವಿಕೆ ಇದೆ, ಅದಕ್ಕೆ ಮುಂದಿನ ತಿಂಗಳು ಮತ್ತೆ ಬನ್ನಿ ಅಂದಿದ್ದಾರೆ.

ಖರ್ಚು ಒಟ್ಟು 14,600 ರೂಪಾಯಿ. ಕೂಲಿ 9,000, ಇಎಚ್‌ಟಿ ಸುತ್ತಿಸಿದ್ದು 2,200, ಎರಡು ವಾಲ್ವ್ 1,400, ಕಂಡೆನ್ಸರ್, ರೆಸಿಸ್ಟರ್ ಎಲ್ಲ ಸೇರಿ 900, ಮಾಡ್ಯುಲೇಟರ್ 1,100. ಐದು ತಿಂಗಳ ಕೆಲಸಕ್ಕೆ ಈ ಕೂಲಿ ಕಡಿಮೆ ಅಂತ ನಾನು ಅವರಿಗೇ ಹೇಳಿದೆ. ದಿನಾ ನೋಡುವ ಟಿವಿ ಬೇಕು ಅನ್ನುವವರು ಇದಕ್ಕೆ ಖರ್ಚು ಮಾಡಬೇಡಿ. ನಾವು ಭಾನುವಾರ ಸಂಜೆ ಒಂದು ಗಂಟೆ ಹಾಕುತ್ತೇವೆ, ಯಾರಾದರೂ ಎದುರಿಗೆ ಕೂತಿರುವಾಗ ಮಾತ್ರ, ಎದ್ದು ಹೋಗುವಾಗ ಪ್ಲಗ್ಗೇ ತೆಗೆಯುತ್ತೇವೆ.

ಹೋಗುವವರು ಬೆಳಿಗ್ಗೆ 11ರ ಮೇಲೆ ಹೋಗಿ. ಮೊದಲು ಫೋಟೋ ತೋರಿಸಿ, ಸೆಟ್ ಆಮೇಲೆ. ಸಾಗಿಸುವಾಗ ಹಾಸಿಗೆ ಹಾಸಿ ಪರದೆ ಕೆಳಗೆ ಬರುವ ಹಾಗೆ ಮಲಗಿಸಿ, ಪಿಕ್ಚರ್ ಟ್ಯೂಬ್‌ನ ಹಿಂಭಾಗದ ಸಣ್ಣ ಕುತ್ತಿಗೆಗೆ ಏನೂ ತಾಗಬಾರದು. ಹಿಂದಿನ ಮುಚ್ಚಳವನ್ನು ಮುರಿದಿದೆ ಅಂತ ಮನೆಯಲ್ಲೇ ಬಿಟ್ಟು ಹೋಗಬೇಡಿ. ನಮ್ಮದರ ಒಳಬದಿಯಲ್ಲಿ ಪೂರ್ತಿ ಸರ್ಕ್ಯೂಟ್ ಚಿತ್ರ ಅಂಟಿಸಿತ್ತು, ಅರ್ಧ ಜಿರಳೆ ತಿಂದಿತ್ತು, ಉಳಿದರ್ಧದಲ್ಲೇ ಅವರು ಆ ರೆಸಿಸ್ಟರ್ ಹುಡುಕಿದ್ದು.